ನಮ್ಮ ಚುನಾವಣೆ, ಹೊರಗಿನವರ ಕೈ: ವಿದೇಶಿ ಹಸ್ತಕ್ಷೇಪ ಎಂದರೇನು, ಅದು ನಡೆಯುವುದು ಹೇಗೆ

2025ರ ಫೆಬ್ರುವರಿಯಲ್ಲಿ ಅಮೆರಿಕದಿಂದ ಬಂದ ಒಂದು ಸಾಲಿನ ಸುದ್ದಿ ನಮ್ಮ ದೇಶದ ರಾಜಕೀಯವನ್ನು ಕಲಕಿತು. ಅಲ್ಲಿನ ಸರ್ಕಾರಿ ವೆಚ್ಚವನ್ನು ತಗ್ಗಿಸಲೆಂದು ರಚನೆಯಾಗಿದ್ದ ‘ಡೋಜ್’ ಎಂಬ ವಿಭಾಗವು ತಾನು ರದ್ದುಪಡಿಸಿದ ಅನುದಾನಗಳ ಪಟ್ಟಿಯಲ್ಲಿ, ಭಾರತದಲ್ಲಿ ಮತದಾನದ ಪ್ರಮಾಣ ಹೆಚ್ಚಿಸಲು ಮೀಸಲಿಟ್ಟದ್ದೆಂದು 2.1 ಕೋಟಿ ಡಾಲರ್ ಮೊತ್ತವನ್ನು ನಮೂದಿಸಿತ್ತು. ಆಡಳಿತ ಪಕ್ಷದವರು ವಿರೋಧ ಪಕ್ಷದತ್ತ, ವಿರೋಧ ಪಕ್ಷದವರು ಆಡಳಿತ ಪಕ್ಷದತ್ತ ಬೆರಳು ತೋರಿಸಿದರು. ಆ ಮೊತ್ತ ಬಾಂಗ್ಲಾದೇಶದ ಯೋಜನೆಗೆ ಸಂಬಂಧಿಸಿದ್ದೆಂದು ಪತ್ರಿಕಾ ವರದಿಗಳು ಕೆಲವೇ ದಿನಗಳಲ್ಲಿ ಹೇಳಿದವು. ಅದೇ ವರ್ಷ ಆಗಸ್ಟಿನಲ್ಲಿ ವಿದೇಶಾಂಗ ಸಚಿವಾಲಯವು ರಾಜ್ಯಸಭೆಗೆ ಉತ್ತರ ಕೊಟ್ಟಿತು. 2014ರಿಂದ 2024ರ ಆರ್ಥಿಕ ವರ್ಷಗಳಲ್ಲಿ ಭಾರತದಲ್ಲಿ ಮತದಾನ ಹೆಚ್ಚಿಸಲು ಅಂಥ ಹಣವನ್ನು ಅಮೆರಿಕದ ನೆರವು ಸಂಸ್ಥೆಯಾಗಿದ್ದ ಯುಎಸ್‌ಏಡ್ ಪಡೆದೂ ಇಲ್ಲ, ಕೊಟ್ಟೂ ಇಲ್ಲ ಎಂದು ಅಮೆರಿಕದ ರಾಯಭಾರ ಕಚೇರಿ ತಿಳಿಸಿದೆ ಎಂಬುದು ಆ ಉತ್ತರದ ಸಾರ. ಆರೋಪ ಒಂದು ದಿನದಲ್ಲಿ ಊರೂರು ಸುತ್ತಿತು. ಉತ್ತರಕ್ಕೆ ಆರು ತಿಂಗಳು ಹಿಡಿಯಿತು, ಅದು ಬಂದಾಗ ಕೇಳಿಸಿಕೊಂಡವರು ಕಡಿಮೆ.

ಈ ಪ್ರಕರಣದಲ್ಲಿ ‘ವಿದೇಶಿ ಹಸ್ತಕ್ಷೇಪ’ ಎಂಬ ಮಾತು ಶಿವಮೊಗ್ಗದ ಬಸ್ ನಿಲ್ದಾಣದಿಂದ ಸಾಗರ, ತೀರ್ಥಹಳ್ಳಿಯ ಅಡಿಕೆ ಮಂಡಿಯವರೆಗೆ ಎಲ್ಲರ ಬಾಯಿಗೂ ಬಂತು. ಆದರೆ ಯಾವುದನ್ನು ಹಸ್ತಕ್ಷೇಪ ಎನ್ನಬೇಕು, ಯಾವುದನ್ನು ಎನ್ನಬಾರದು, ಅದು ನಿಜವಾಗಿ ನಡೆದ ದೇಶಗಳಲ್ಲಿ ಹೇಗೆ ನಡೆಯಿತು, ನಮ್ಮ ಕಾನೂನು ಏನು ಹೇಳುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ಹೆಚ್ಚಿರಲಿಲ್ಲ. ಆ ಹಿನ್ನೆಲೆಯನ್ನು ಒದಗಿಸುವುದಕ್ಕಾಗಿ ಈ ಲೇಖನ.

## ಯಾವುದು ಹಸ್ತಕ್ಷೇಪ, ಯಾವುದು ಅಲ್ಲ

ಒಂದು ಊರಿನ ಅಡಿಕೆ ಬೆಳೆಗಾರರ ಸಹಕಾರ ಸಂಘದ ಆಡಳಿತ ಮಂಡಳಿಗೆ ಚುನಾವಣೆ ನಡೆಯುತ್ತಿದೆ ಎಂದಿಟ್ಟುಕೊಳ್ಳೋಣ. ಷೇರು ಹಾಕಿದ ಸದಸ್ಯರಿಗೆ ಮಾತ್ರ ಅಲ್ಲಿ ಓಟು, ಏಕೆಂದರೆ ಸಂಘ ಚೆನ್ನಾಗಿ ನಡೆದರೆ ಒಳ್ಳೆಯ ಧಾರಣೆ ಸಿಗುವುದು ಅವರ ಅಡಿಕೆಗೆ, ಸಂಘ ಮುಳುಗಿದರೆ ಕಳೆದುಹೋಗುವುದೂ ಅವರದೇ ಠೇವಣಿ. ದೂರದ ಊರಿನ ದೊಡ್ಡ ಖರೀದಿದಾರನೊಬ್ಬನಿಗೆ ಈ ಸಂಘದಲ್ಲಿ ಷೇರಿಲ್ಲ, ಆದರೆ ಆಸಕ್ತಿಯಿದೆ. ಅವನಿಗೆ ಬೇಕಾದದ್ದು ಅಗ್ಗದ ಅಡಿಕೆ; ಸಂಘ ಒಗ್ಗಟ್ಟಾಗಿದ್ದರೆ ಅದು ಸಿಗುವುದಿಲ್ಲ. ಅವನು ಪೇಟೆಯಲ್ಲಿ ನಿಂತು ‘ಈ ಮಂಡಳಿಗಿಂತ ಆ ಮಂಡಳಿ ಮೇಲು’ ಎಂದು ಬಾಯಿಬಿಟ್ಟು ಹೇಳಿದರೆ ಹಾನಿ ಕಡಿಮೆ, ಏಕೆಂದರೆ ಹೇಳಿದವನು ಯಾರೆಂದು ಸದಸ್ಯರಿಗೆ ಗೊತ್ತಿರುತ್ತದೆ ಮತ್ತು ಅವರು ಆ ಮಾತನ್ನು ಅದಕ್ಕೆ ತಕ್ಕಂತೆ ತೂಗುತ್ತಾರೆ. ಅದೇ ಅವನು ಅಭ್ಯರ್ಥಿಯೊಬ್ಬನಿಗೆ ಗುಟ್ಟಾಗಿ ಹಣ ಕೊಟ್ಟರೆ, ಇಲ್ಲವೇ ಮೇಲಿನಕೇರಿಯವರ ಹೆಸರಿನಲ್ಲಿ ಕೆಳಗಿನಕೇರಿಯವರನ್ನು ಬೈಯುವ ಕರಪತ್ರವನ್ನು ತಾನೇ ಅಚ್ಚು ಹಾಕಿಸಿ ಹಂಚಿಸಿದರೆ, ಸದಸ್ಯರು ಯಾರ ಮಾತಿಗೆ ತಲೆದೂಗುತ್ತಿದ್ದೇವೆ ಎಂಬುದೇ ತಿಳಿಯದೆ ತೀರ್ಮಾನ ಮಾಡುತ್ತಾರೆ.

ದೇಶಗಳ ಮಟ್ಟದಲ್ಲಿ ಇದನ್ನೇ ವಿದೇಶಿ ಹಸ್ತಕ್ಷೇಪ ಎನ್ನುತ್ತಾರೆ. ಒಂದು ದೇಶದ ಸರ್ಕಾರ, ಅಥವಾ ಅದರ ಪರವಾಗಿ ಕೆಲಸ ಮಾಡುವವರು, ಇನ್ನೊಂದು ದೇಶದ ಚುನಾವಣೆಯ ಫಲಿತಾಂಶವನ್ನೋ ಆ ಚುನಾವಣೆಯ ಮೇಲಿನ ನಂಬಿಕೆಯನ್ನೋ ಮರೆಯಲ್ಲಿದ್ದು, ಮೋಸದಿಂದ ಅಥವಾ ಒತ್ತಾಯದಿಂದ ಬದಲಿಸಲು ಮಾಡುವ ಪ್ರಯತ್ನ ಎಂದು ಸ್ಥೂಲವಾಗಿ ಹೇಳಬಹುದು. ಬೇರೆ ದೇಶದ ಪ್ರಧಾನಿಯೊಬ್ಬರು ನಮ್ಮ ಚುನಾವಣೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದರೆ, ವಿದೇಶಿ ಪತ್ರಿಕೆ ನಮ್ಮ ಸರ್ಕಾರವನ್ನು ಟೀಕಿಸಿ ಸಂಪಾದಕೀಯ ಬರೆದರೆ ಅದು ನಮಗೆ ಹಿಡಿಸದೆ ಹೋಗಬಹುದು, ಆದರೆ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ನಮ್ಮ ಚುನಾವಣಾ ಆಯೋಗವೇ ಬೇರೆ ದೇಶಗಳ ಚುನಾವಣಾಧಿಕಾರಿಗಳನ್ನು ಆಹ್ವಾನಿಸಿ ಇಲ್ಲಿನ ಮತದಾನವನ್ನು ತೋರಿಸುತ್ತದೆ; ಅದೂ ಹಸ್ತಕ್ಷೇಪವಲ್ಲ.

ಮಲೆನಾಡಿನ ಎಷ್ಟೋ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆಯೊಂದು ಇಲ್ಲಿದೆ: ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗ ಅಥವಾ ಮಗಳು ಊರಿನ ಚುನಾವಣೆಯ ಬಗ್ಗೆ ಅಭಿಪ್ರಾಯ ಹೇಳಿದರೆ, ಪಕ್ಷಕ್ಕೆ ದೇಣಿಗೆ ಕಳಿಸಿದರೆ ಅದು ಏನಾಗುತ್ತದೆ? ಉತ್ತರ ಅವರ ಪಾಸ್‌ಪೋರ್ಟಿನಲ್ಲಿದೆ. ಭಾರತೀಯ ಪೌರತ್ವ ಉಳಿಸಿಕೊಂಡವರು ಎಲ್ಲಿದ್ದರೂ ಭಾರತದ ಮತದಾರರಾಗಬಲ್ಲರು. 2010ರ ತಿದ್ದುಪಡಿಯ ಪ್ರಕಾರ ಅವರು ಹೆಸರು ನೋಂದಾಯಿಸಿಕೊಂಡು, ಮತದಾನದ ದಿನ ಖುದ್ದಾಗಿ ತಮ್ಮ ಮತಗಟ್ಟೆಗೆ ಬಂದು ಓಟು ಹಾಕಬಹುದು. ಅವರು ತಮ್ಮ ಗಳಿಕೆಯಿಂದ ಬ್ಯಾಂಕಿನ ಮೂಲಕ ಕೊಡುವ ದೇಣಿಗೆಯೂ ವಿದೇಶಿ ಹಣವಲ್ಲ. ಬೇರೆ ದೇಶದ ಪೌರತ್ವ ಪಡೆದವರಿಗೆ, ಅವರಲ್ಲಿ ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ, ಇಲ್ಲಿ ಓಟಿಲ್ಲ, ಮತ್ತು ಅವರು ರಾಜಕೀಯ ಪಕ್ಷಕ್ಕೆ ಕೊಡುವ ಹಣ ಕಾನೂನಿನ ಕಣ್ಣಿನಲ್ಲಿ ವಿದೇಶಿ ಮೂಲದ ಹಣ. ಊರಿನ ಮೇಲಿನ ಪ್ರೀತಿಯಿಂದಲೇ ಕೊಟ್ಟರೂ ಕಾನೂನು ಬದಲಾಗದು.

## ಹಳೆಯ ಕಸುಬು, ಹೊಸ ಸಾಧನ

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಪಿಡುಗು ಎಂಬ ಭಾವನೆ ಸಾಮಾನ್ಯವಾಗಿದೆ, ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1924ರ ಅಕ್ಟೋಬರಿನಲ್ಲಿ, ಬ್ರಿಟನ್ನಿನ ಮತದಾನಕ್ಕೆ ನಾಲ್ಕು ದಿನ ಇರುವಾಗ, ಸೋವಿಯತ್ ನಾಯಕ ಜಿನೋವೀವ್ ಬರೆದದ್ದೆಂದು ಹೇಳಲಾದ ಒಂದು ಪತ್ರ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. ಬ್ರಿಟನ್ನಿನ ಕಮ್ಯುನಿಸ್ಟರಿಗೆ ದಂಗೆಯ ಸಿದ್ಧತೆ ಮಾಡಿಕೊಳ್ಳಲು ಹೇಳುವ ಪತ್ರ ಅದು. ಆ ಪತ್ರ ನಕಲಿ ಎಂಬುದು ಇಂದು ಒಪ್ಪಿತ ಸಂಗತಿ, ಆದರೆ ಆಗ ಅಧಿಕಾರದಲ್ಲಿದ್ದ ಲೇಬರ್ ಪಕ್ಷ ಆ ಚುನಾವಣೆಯಲ್ಲಿ ಸೋತಿತ್ತು.

ಶೀತಲ ಸಮರದ ಕಾಲದಲ್ಲಿ ಇದು ದೊಡ್ಡ ದೇಶಗಳ ನಿತ್ಯದ ಕಸುಬಾಯಿತು. 1948ರ ಇಟಲಿಯ ಚುನಾವಣೆಯಲ್ಲಿ ಕಮ್ಯುನಿಸ್ಟರು ಗೆಲ್ಲದಂತೆ ತಡೆಯಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಎದುರು ಪಕ್ಷಗಳಿಗೆ ಹಣ ಹರಿಸಿತು. 1964ರಲ್ಲಿ ಚಿಲಿ ದೇಶದಲ್ಲಿ ಅಧ್ಯಕ್ಷೀಯ ಅಭ್ಯರ್ಥಿ ಎಡುವಾರ್ಡೋ ಫ್ರೇ ಅವರ ಪ್ರಚಾರಕ್ಕೂ ಗುಟ್ಟಾಗಿ ಹಣ ಕೊಟ್ಟಿತ್ತೆಂಬುದು 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ತನಿಖೆಯಿಂದಲೇ ಹೊರಬಂತು. ರಾಜ್ಯಶಾಸ್ತ್ರಜ್ಞ ಡೋವ್ ಲೆವಿನ್ ಅವರ ಲೆಕ್ಕದ ಪ್ರಕಾರ 1946ರಿಂದ 2000ದವರೆಗೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ, ಆಮೇಲೆ ರಷ್ಯಾ, ಒಟ್ಟು 117 ಚುನಾವಣೆಗಳಲ್ಲಿ ಬಹಿರಂಗವಾಗಿಯೋ ಗುಟ್ಟಾಗಿಯೋ ಒಂದು ಪಕ್ಷದ ಪರ ಕೈ ಹಾಕಿದ್ದವು. ಅವುಗಳಲ್ಲಿ 81 ಅಮೆರಿಕದವು, 36 ಇನ್ನೊಂದು ಕಡೆಯವು. ಇಂದು ದೂರು ಹೇಳುತ್ತಿರುವ ದೇಶಗಳೇ ನಿನ್ನೆ ಈ ಕೆಲಸ ಮಾಡಿದವು ಎಂಬುದನ್ನು ಮರೆಯಬಾರದು. ಹಾಗೆಂದು ಇಂದಿನ ದೂರು ಸುಳ್ಳಾಗುವುದೂ ಇಲ್ಲ.

ಭಾರತವೂ ಇದರಿಂದ ಹೊರಗಿರಲಿಲ್ಲ ಎಂಬ ಮಾತುಗಳಿವೆ. 1973ರಿಂದ 1975ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್, ಕಮ್ಯುನಿಸ್ಟರು ಗೆಲ್ಲುವ ಸಂಭವವಿದ್ದ ಕೇರಳ ಮತ್ತು ಪಶ್ಚಿಮ ಬಂಗಾಳದ ರಾಜ್ಯ ಚುನಾವಣೆಗಳಲ್ಲಿ ತಮ್ಮ ದೇಶ ಕಾಂಗ್ರೆಸ್ಸಿಗೆ ಎರಡು ಬಾರಿ ಹಣ ಕೊಟ್ಟಿತ್ತೆಂದು 1978ರಲ್ಲಿ ಪ್ರಕಟವಾದ ತಮ್ಮ ನೆನಪುಗಳಲ್ಲಿ ಬರೆದರು. ಅದು ಅವರ ಹೇಳಿಕೆ. ಅದನ್ನು ಹೇಳಿಕೆ ಎಂದೇ ಓದಿಕೊಳ್ಳಬೇಕು.

## ಸುಳ್ಳು ಹೆಸರಿನ ನೆರೆಹೊರೆಯವರು

ಹಸ್ತಕ್ಷೇಪದ ದಾರಿಗಳು ಹಲವಿದ್ದರೂ ಸಾಮಾನ್ಯ ಓದುಗರು ಚೆನ್ನಾಗಿ ಅರಿಯಬೇಕಾದದ್ದು ಸುಳ್ಳು ಗುರುತಿನ ದಾರಿಯನ್ನು. ಅದಕ್ಕೆ ಅತ್ಯಂತ ವಿವರವಾಗಿ ದಾಖಲಾದ ಉದಾಹರಣೆ 2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ‘ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ’ ಎಂಬ ಕಂಪನಿಯಿತ್ತು. ಅಲ್ಲಿ ಕುಳಿತ ನೌಕರರು ಅಮೆರಿಕದವರಂತೆ ಹೆಸರಿಟ್ಟುಕೊಂಡು, ಅಮೆರಿಕದ ಊರುಗಳ ವಿಳಾಸ ಕೊಟ್ಟು, ಫೇಸ್‌ಬುಕ್, ಟ್ವಿಟರ್, ಇನ್‌ಸ್ಟಾಗ್ರಾಂಗಳಲ್ಲಿ ಖಾತೆ ಮತ್ತು ಪುಟಗಳನ್ನು ನಡೆಸುತ್ತಿದ್ದರು. 2018ರ ಫೆಬ್ರುವರಿಯಲ್ಲಿ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಈ ಸಂಬಂಧ 13 ಮಂದಿ ರಷ್ಯನ್ನರು ಮತ್ತು 3 ಕಂಪನಿಗಳ ಮೇಲೆ ಆರೋಪಪಟ್ಟಿ ಸಲ್ಲಿಸಿದರು. ರಷ್ಯಾ ಸರ್ಕಾರ ಎಲ್ಲವನ್ನೂ ನಿರಾಕರಿಸಿತು. ಆ ಕಂಪನಿಗೆ ಹಣ ಹಾಕುತ್ತಿದ್ದ ಯೆವ್ಗೆನಿ ಪ್ರಿಗೋಜಿನ್ ಮಾತ್ರ 2022ರ ನವೆಂಬರಿನಲ್ಲಿ, ಹೌದು, ನಾವು ಕೈ ಹಾಕಿದ್ದೆವು, ಮುಂದೆಯೂ ಹಾಕುತ್ತೇವೆ ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದನು.

ಆ ಪುಟಗಳು ಮಾಡಿದ್ದೇನು ಎಂಬುದಕ್ಕೆ 2016ರ ಮೇ 21ರಂದು ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ ನಡೆದದ್ದನ್ನು ನೋಡಿದರೆ ಸಾಕು. ‘ಹಾರ್ಟ್ ಆಫ್ ಟೆಕ್ಸಸ್’ ಎಂಬ ಫೇಸ್‌ಬುಕ್ ಪುಟವು ಅಲ್ಲಿನ ಇಸ್ಲಾಮಿಕ್ ಕೇಂದ್ರವೊಂದರ ಮುಂದೆ ಪ್ರತಿಭಟನೆಗೆ ಜನರನ್ನು ಕರೆಯಿತು. ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’ ಎಂಬ ಇನ್ನೊಂದು ಪುಟವು ಅದೇ ದಿನ, ಅದೇ ಹೊತ್ತಿಗೆ, ಅದೇ ಸ್ಥಳಕ್ಕೆ ಎದುರು ಗುಂಪನ್ನು ಕರೆಯಿತು. ರಸ್ತೆಯ ಎರಡು ಬದಿಗೆ ಎರಡು ಗುಂಪುಗಳು ನಿಂತು ಪರಸ್ಪರ ಕೂಗಾಡಿದವು. ಎರಡೂ ಪುಟಗಳನ್ನು ನಡೆಸುತ್ತಿದ್ದದ್ದು ಸೇಂಟ್ ಪೀಟರ್ಸ್‌ಬರ್ಗಿನ ಅದೇ ಕಂಪನಿ. ಈ ಎರಡು ಸಭೆಗಳ ಜಾಹೀರಾತಿಗೆ ಅವರು ಖರ್ಚು ಮಾಡಿದ್ದು ಸುಮಾರು 200 ಡಾಲರ್ ಎಂದು ಸೆನೆಟ್ ವಿಚಾರಣೆಯಲ್ಲಿ ತಿಳಿದುಬಂತು. ಅಲ್ಲಿ ಸೇರಿದ್ದವರೆಲ್ಲ ನಿಜವಾದ ಅಮೆರಿಕನ್ನರು, ಅವರ ಸಿಟ್ಟೂ ನಿಜ. ಕರೆದವರು ಮಾತ್ರ ಸುಳ್ಳು.

ಹೊರಗಿನವರು ಹೊಸ ಜಗಳವನ್ನು ಹುಟ್ಟಿಸುವುದು ಅಪರೂಪ. ಆಗಲೇ ಇರುವ ಬಿರುಕನ್ನು ಹುಡುಕಿ, ಎರಡೂ ಕಡೆಯಿಂದ ಅಗಲ ಮಾಡುವುದು ಅವರಿಗೆ ಸುಲಭ ಮತ್ತು ಅಗ್ಗ. ಅವರ ಬರಹದಲ್ಲಿ ಪೂರ್ತಿ ಸುಳ್ಳೇ ಇರಬೇಕೆಂದಿಲ್ಲ. ನಿಜವಾದ ನೋವನ್ನೇ ಎತ್ತಿಕೊಂಡು, ಅದಕ್ಕೆ ‘ಇದಕ್ಕೆಲ್ಲ ಅವರೇ ಕಾರಣ’ ಎಂಬ ಬಾಲವನ್ನು ಕಟ್ಟಿದರೆ ಕೆಲಸ ಆಗುತ್ತದೆ.

## ಕದ್ದ ಕಾಗದ, ಕಟ್ಟಿದ ದನಿ

ಎರಡನೆಯ ದಾರಿ ಕಳವು. 2016ರ ಮಾರ್ಚಿನಲ್ಲಿ ಹಿಲರಿ ಕ್ಲಿಂಟನ್ ಅವರ ಪ್ರಚಾರ ಸಮಿತಿಯ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರಿಗೆ ಪಾಸ್‌ವರ್ಡ್ ಬದಲಿಸಿ ಎಂಬ ನಕಲಿ ಇಮೇಲ್ ಬಂತು; ಅದನ್ನು ನಂಬಿ ಒತ್ತಿದ್ದರಿಂದ ಅವರ ಸಾವಿರಾರು ಪತ್ರಗಳು ಹೊರಗಿನವರ ಕೈ ಸೇರಿ, ಅಕ್ಟೋಬರ್ 7ರಿಂದ ಗುಪ್ತ ದಾಖಲೆಗಳನ್ನು ಹೊರಹಾಕುವ ವಿಕಿಲೀಕ್ಸ್ ಜಾಲತಾಣದಲ್ಲಿ ಕಂತುಕಂತಾಗಿ ಪ್ರಕಟವಾದವು. ರಷ್ಯಾದ ಸೇನಾ ಗುಪ್ತಚರ ವಿಭಾಗದ 12 ಅಧಿಕಾರಿಗಳ ಮೇಲೆ ಈ ಮತ್ತು ಇಂಥ ಇತರ ಕಳವುಗಳಿಗಾಗಿ ಆರೋಪ ಹೊರಿಸಲಾಯಿತು. ಮರುವರ್ಷ ಫ್ರಾನ್ಸಿನಲ್ಲಿ ಎಮ್ಯಾನುಯೆಲ್ ಮ್ಯಾಕ್ರನ್ ಅವರ ಪ್ರಚಾರ ತಂಡದ ಪತ್ರಗಳು 2017ರ ಮೇ 5ರ ರಾತ್ರಿ, ಬಹಿರಂಗ ಪ್ರಚಾರ ಮುಗಿಯುವ ಅಂಚಿನಲ್ಲಿ, ಹೊರಬಿದ್ದವು. ಅಸಲಿ ಪತ್ರಗಳ ನಡುವೆ ನಕಲಿಯನ್ನೂ ಸೇರಿಸಲಾಗಿದೆ ಎಂದು ಆ ತಂಡ ಹೇಳಿತು. ಫ್ರಾನ್ಸಿನ ಮಾಧ್ಯಮಗಳು ಮತದಾನ ಮುಗಿಯುವವರೆಗೆ ಆ ಪತ್ರಗಳ ಒಳಗಿನ ವಿಷಯವನ್ನು ಬಹುಮಟ್ಟಿಗೆ ಪ್ರಕಟಿಸಲಿಲ್ಲ.

ಈ ಸಮಯದ ಆಯ್ಕೆ ಆಕಸ್ಮಿಕವಲ್ಲ. ನಮ್ಮಲ್ಲಿ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆಗಳ ಕಾಲ ಬಹಿರಂಗ ಪ್ರಚಾರಕ್ಕೆ ನಿಷೇಧವಿರುವಂತೆ ಹಲವು ದೇಶಗಳಲ್ಲೂ ಒಂದು ಮೌನದ ಅವಧಿ ಇದೆ. ಆ ಅವಧಿಯಲ್ಲಿ ಸುಳ್ಳೊಂದು ಹೊರಟರೆ ಉತ್ತರಿಸಬೇಕಾದ ಅಭ್ಯರ್ಥಿಯ ಕೈ ಕಟ್ಟಿರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಸ್ಲೊವಾಕಿಯಾದಲ್ಲಿ ಆದದ್ದು ಅದೇ: ಮತದಾನಕ್ಕೆ ಎರಡು ದಿನ ಇರುವಾಗ, ಅಲ್ಲಿನ ಪಕ್ಷವೊಂದರ ನಾಯಕ ಮಿಖಾಲ್ ಶಿಮೆಚ್ಕಾ ಪತ್ರಕರ್ತೆಯೊಬ್ಬರ ಜೊತೆ ಚುನಾವಣೆಯಲ್ಲಿ ಮೋಸ ಮಾಡುವ ಬಗ್ಗೆ ಮಾತನಾಡುತ್ತಿರುವಂತೆ ಕೇಳಿಸುವ ಧ್ವನಿ ಹರಿದಾಡಿತು. ಅದು ಯಂತ್ರದಿಂದ ಕಟ್ಟಿದ ದನಿ, ಅಂದರೆ ಡೀಪ್‌ಫೇಕ್. ಅದನ್ನು ಮಾಡಿದವರು ಹೊರಗಿನವರೋ ಒಳಗಿನವರೋ ಸಾಬೀತಾಗಲಿಲ್ಲ, ಮತ್ತು ಹಾಗೆ ಸಾಬೀತಾಗದಿರುವುದೇ ಈ ಸಾಧನದ ದೊಡ್ಡ ಅಪಾಯ.

## ಹಣದ ದಾರಿ

1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದ ಶಾಂತವೇರಿ ಗೋಪಾಲಗೌಡರು ಮತದಾರರಲ್ಲಿ ಓಟಿನ ಜೊತೆ ಒಂದು ನೋಟನ್ನೂ ಕೇಳುತ್ತಿದ್ದರೆಂಬುದನ್ನು ಮಲೆನಾಡಿನ ಹಿರಿಯರು ಇಂದಿಗೂ ಹೇಳುತ್ತಾರೆ. ಕಾಗೋಡು ಸತ್ಯಾಗ್ರಹದ ಮರುವರ್ಷದ ಆ ಚುನಾವಣೆಯಲ್ಲಿ ಹಣ ಕೊಟ್ಟವರೂ ಓಟು ಹಾಕಿದವರೂ ಒಬ್ಬರೇ ಆಗಿದ್ದರು. ಗೆದ್ದವರು ಯಾರಿಗೆ ಲೆಕ್ಕ ಒಪ್ಪಿಸಬೇಕೆಂಬುದರಲ್ಲಿ ಗೊಂದಲಕ್ಕೆ ಎಡೆಯಿರಲಿಲ್ಲ. ವಿದೇಶಿ ಹಣದ ಬಗ್ಗೆ ಎಲ್ಲ ಪ್ರಜಾಪ್ರಭುತ್ವಗಳೂ ಇಷ್ಟು ಎಚ್ಚರ ವಹಿಸುವುದು ಏಕೆಂಬುದು ಇದರಿಂದ ತಿಳಿಯುತ್ತದೆ. ಹಣ ಕೊಟ್ಟವನಿಗೂ ಓಟು ಹಾಕಿದವನಿಗೂ ನಡುವೆ ದೇಶದ ಗಡಿ ಬಂದರೆ, ಗೆದ್ದವನು ಇಬ್ಬರಲ್ಲಿ ಯಾರ ಋಣ ತೀರಿಸುತ್ತಾನೆ ಎಂಬ ಪ್ರಶ್ನೆ ಏಳುತ್ತದೆ.

ರೊಮೇನಿಯಾದ ಪ್ರಕರಣದಲ್ಲಿ ಹಣ ಮತ್ತು ಸುಳ್ಳು ಗುರುತು ಎರಡೂ ಬೆರೆತಿದ್ದವು. 2024ರ ನವೆಂಬರ್ 24ರಂದು ಅಲ್ಲಿ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ, ಹೆಚ್ಚು ಪರಿಚಿತರಲ್ಲದ ಕ್ಯಾಲಿನ್ ಜಾರ್ಜೆಸ್ಕು ಸುಮಾರು ಶೇ 23 ಮತ ಪಡೆದು ಮೊದಲ ಸ್ಥಾನಕ್ಕೆ ಬಂದರು. ಪ್ರಚಾರಕ್ಕೆ ತಾನು ಏನೂ ಖರ್ಚು ಮಾಡಿಲ್ಲ ಎಂದು ಅವರು ಲೆಕ್ಕ ಕೊಟ್ಟಿದ್ದರು, ಆದರೆ ಟಿಕ್‌ಟಾಕ್‌ನಲ್ಲಿ ಅವರ ಪರ ವಿಡಿಯೊಗಳು ಸಂಘಟಿತವಾಗಿ ಹರಡಿದ್ದವೆಂದು ಅಲ್ಲಿನ ಗುಪ್ತಚರ ದಾಖಲೆಗಳು ಹೇಳಿದವು. ಎರಡನೆಯ ಸುತ್ತಿಗೆ ಎರಡೇ ದಿನ ಇರುವಾಗ, ಡಿಸೆಂಬರ್ 6ರಂದು, ಸಾಂವಿಧಾನಿಕ ನ್ಯಾಯಾಲಯವು ಇಡೀ ಚುನಾವಣೆಯನ್ನೇ ರದ್ದುಪಡಿಸಿತು. ಇದರ ಹಿಂದೆ ರಷ್ಯಾದ ಕೈವಾಡವಿದೆ ಎಂಬ ಆರೋಪವನ್ನು ಜಾರ್ಜೆಸ್ಕು ಮತ್ತು ರಷ್ಯಾ ಇಬ್ಬರೂ ಒಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಮರುಚುನಾವಣೆ ನಡೆದು ನಿಕುಶೋರ್ ಡಾನ್ ಗೆದ್ದರು. ಆದರೆ ಈ ನಡುವಿನ ಐದು ತಿಂಗಳು ಆ ದೇಶ ಎರಡಾಗಿ ಹೋಗಿತ್ತು: ನ್ಯಾಯಾಲಯ ಪ್ರಜಾಪ್ರಭುತ್ವವನ್ನು ಉಳಿಸಿತು ಎಂದವರು ಒಂದು ಕಡೆ, ಜನರು ಹಾಕಿದ ಓಟನ್ನು ಕಸದ ಬುಟ್ಟಿಗೆ ಹಾಕಿತು ಎಂದವರು ಇನ್ನೊಂದು ಕಡೆ.

## ಮತಯಂತ್ರಕ್ಕೆ ದೂರದಿಂದ ನುಗ್ಗಬಹುದೇ

ಹಸ್ತಕ್ಷೇಪ ಎಂದೊಡನೆ ನಮ್ಮಲ್ಲಿ ಬಹಳ ಜನ ಇವಿಎಂ ಬಗ್ಗೆ ಕೇಳುತ್ತಾರೆ. ನಮ್ಮ ಮತಯಂತ್ರವನ್ನು ತಯಾರಿಸುವವು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎಂಬ ಎರಡು ಸರ್ಕಾರಿ ಕಂಪನಿಗಳು. ಅದಕ್ಕೆ ಇಂಟರ್‌ನೆಟ್, ವೈಫೈ, ಬ್ಲೂಟೂತ್ ಯಾವುದರ ಸಂಪರ್ಕವೂ ಇಲ್ಲ. ಆದ್ದರಿಂದ ಬೇರೆ ದೇಶದಲ್ಲಿ ಕುಳಿತವರು ಜಾಲದ ಮೂಲಕ ಅದನ್ನು ತಲುಪುವ ದಾರಿಯಿಲ್ಲ. ಮತದಾನ ಆರಂಭವಾಗುವ ಮುನ್ನ ಪಕ್ಷಗಳ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ ನೋಡುತ್ತಾರೆ. 2019ರ ಲೋಕಸಭಾ ಚುನಾವಣೆಯಿಂದ ಎಲ್ಲ ಮತಗಟ್ಟೆಗಳಲ್ಲೂ ವಿವಿಪ್ಯಾಟ್ ಎಂಬ ಮುದ್ರಣ ಯಂತ್ರ ಇದ್ದು, ಒತ್ತಿದ ಚಿಹ್ನೆಯಿರುವ ಕಾಗದದ ಚೀಟಿ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ರಂದು ತಳ್ಳಿಹಾಕಿತು.

ಅಮೆರಿಕದಲ್ಲಿ 2016ರಲ್ಲಿ ಇಲಿನಾಯ್ ರಾಜ್ಯದ ಮತದಾರರ ಪಟ್ಟಿಯಿದ್ದ ಕಂಪ್ಯೂಟರಿಗೆ ಹೊರಗಿನವರು ನುಗ್ಗಿ ಮಾಹಿತಿ ತೆಗೆದುಕೊಂಡರು. ಹಾಗಿದ್ದರೂ, ಹಾಕಿದ ಒಂದೇ ಒಂದು ಮತ ಬದಲಾದ ಸಾಕ್ಷ್ಯ ತಮಗೆ ಸಿಗಲಿಲ್ಲವೆಂದು ಸೆನೆಟ್ ಸಮಿತಿ ಹೇಳಿತು. ಯಂತ್ರಕ್ಕಿಂತ ಮನಸ್ಸನ್ನು ತಲುಪುವುದು ಸುಲಭ ಎಂಬುದು ಈ ಕೆಲಸಕ್ಕೆ ಇಳಿದವರಿಗೆ ಚೆನ್ನಾಗಿ ಗೊತ್ತು.

## ಫಲಿತಾಂಶ ಬದಲಾಗದಿದ್ದರೂ ಹಾನಿ ಏನು

ಇಂಥ ಪ್ರಯತ್ನಗಳಿಂದ ಫಲಿತಾಂಶ ಬದಲಾಯಿತೇ ಎಂಬ ಪ್ರಶ್ನೆಗೆ ಸಿಗುವ ಉತ್ತರಗಳು ಅತಿರೇಕಗಳಿಗೆ ಅವಕಾಶ ಕೊಡುವುದಿಲ್ಲ. ರಷ್ಯಾದ ಆ ಕಂಪನಿಯ ಬರಹಗಳು ಸುಮಾರು 12.6 ಕೋಟಿ ಜನರನ್ನು ತಲುಪಿರಬಹುದೆಂದು ಫೇಸ್‌ಬುಕ್ ಹೇಳಿತ್ತು. ಕೇಳಿದರೆ ಎದೆ ಝಲ್ಲೆನ್ನುವ ಸಂಖ್ಯೆ. ಆದರೆ ಟ್ವಿಟರ್ ಬಳಕೆದಾರರ ಬಗ್ಗೆ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂಥ ಬರಹಗಳನ್ನು ಹೆಚ್ಚಾಗಿ ಕಂಡವರು ಮೊದಲೇ ಒಂದು ಪಕ್ಷಕ್ಕೆ ಗಟ್ಟಿಯಾಗಿ ಅಂಟಿಕೊಂಡವರು, ಅದರಿಂದ ಮತದ ಒಲವು ಬದಲಾದದ್ದು ಕಾಣಲಿಲ್ಲ ಎಂದಿತು. ಕೆನಡಾದ 2019 ಮತ್ತು 2021ರ ಚುನಾವಣೆಗಳ ಬಗ್ಗೆ ನ್ಯಾಯಮೂರ್ತಿ ಮರೀ-ಜೋಸೆ ಹೋಗ್ ಅವರ ವಿಚಾರಣಾ ಆಯೋಗವೂ, ಹಸ್ತಕ್ಷೇಪದ ಪ್ರಯತ್ನ ನಡೆದದ್ದು ನಿಜ, ಆದರೆ ಯಾವ ಪಕ್ಷ ಸರ್ಕಾರ ರಚಿಸಬೇಕೆಂಬುದು ಅದರಿಂದ ನಿರ್ಧಾರವಾಗಲಿಲ್ಲ ಎಂಬ ತೀರ್ಮಾನಕ್ಕೆ ಬಂತು.

ಹಾಗಾದರೆ ಚಿಂತೆ ಏಕೆ? ಚುನಾವಣೆಯಲ್ಲಿ ಗೆದ್ದವರನ್ನು ಒಪ್ಪಿಕೊಳ್ಳುವುದು ಸುಲಭ. ಪ್ರಜಾಪ್ರಭುತ್ವ ನಿಂತಿರುವುದು ಸೋತವರು ಸೋಲನ್ನು ಒಪ್ಪಿಕೊಳ್ಳುವುದರ ಮೇಲೆ. ನನ್ನ ಪಕ್ಷ ಸೋತಿದೆ, ಆದರೆ ಸೋಲಿಸಿದವರು ನನ್ನದೇ ಊರಿನವರು, ಇನ್ನು ಐದು ವರ್ಷಕ್ಕೆ ಮತ್ತೆ ಕೇಳೋಣ ಎಂಬ ಭಾವ ಇರುವವರೆಗೆ ವ್ಯವಸ್ಥೆ ನಡೆಯುತ್ತದೆ. ಸೋಲಿಸಿದ್ದು ಊರಿನವರಲ್ಲ, ಯಾವುದೋ ದೇಶದ ಗುಪ್ತಚರರು ಎಂಬ ಶಂಕೆ ಒಮ್ಮೆ ಬೇರುಬಿಟ್ಟರೆ ಆ ಒಪ್ಪಿಗೆ ಹಿಂದೆ ಸರಿಯುತ್ತದೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರನ್ನು ತಾವೇ ಆಳಿಕೊಳ್ಳುತ್ತೇವೆಂದು ಘೋಷಿಸಿ, ಅದಕ್ಕಾಗಿ ಗಲ್ಲಿಗೂ ಹೋದರು. ನಮ್ಮನ್ನು ಆಳುವವರನ್ನು ಆರಿಸುವವರು ನಾವೇ ಎಂಬ ನಂಬಿಕೆಗೆ ಈ ಜಿಲ್ಲೆ ಅಷ್ಟು ಬೆಲೆ ತೆತ್ತಿದೆ.

ಇದೇ ಕಾರಣಕ್ಕೆ ಆಧಾರವಿಲ್ಲದೆ ‘ಅವರು ವಿದೇಶಿ ಏಜೆಂಟರು’ ಎನ್ನುವುದು ಕೂಡ ಹಸ್ತಕ್ಷೇಪ ಮಾಡುವಷ್ಟೇ ಹಾನಿ ಮಾಡಬಲ್ಲದು ಎಂಬುದು ನನ್ನ ದೃಢವಾದ ಅನಿಸಿಕೆ. ನಿಜವಾದ ಕೈವಾಡ ಮಾಡುವವನಿಗೆ ಬೇಕಾದದ್ದೂ ನಾವು ಒಬ್ಬರನ್ನೊಬ್ಬರು ನಂಬದಿರುವುದೇ. ರೈತನ ಬೇಡಿಕೆ, ಅರಣ್ಯದಂಚಿನ ಒಕ್ಕಲಿನ ದೂರು, ವಿದ್ಯಾರ್ಥಿಯ ಪ್ರತಿಭಟನೆ ಎಲ್ಲಕ್ಕೂ ಹೊರದೇಶದ ಹಣೆಪಟ್ಟಿ ಹಚ್ಚಿದರೆ, ನಿಜವಾದ ಪ್ರಕರಣ ಬಂದಾಗ ಯಾರೂ ಕಿವಿಗೊಡುವುದಿಲ್ಲ.

## ಕನ್ನಡದಲ್ಲಿ ಬರುವ ಸುಳ್ಳು

ಬಹಳ ಕಾಲ ಭಾಷೆಯೇ ನಮಗೆ ಒಂದು ಬೇಲಿಯಾಗಿತ್ತು. ಹೊರದೇಶದವರು ಕನ್ನಡದಲ್ಲಿ ಬರೆಯಲು ಹೋದರೆ, ಅದೂ ಮಲೆನಾಡಿನ ವಿಷಯ ಎತ್ತಿದರೆ, ಎರಡನೆಯ ವಾಕ್ಯದಲ್ಲೇ ಸಿಕ್ಕಿಬೀಳುತ್ತಿದ್ದರು. ಕೃತಕ ಬುದ್ಧಿಮತ್ತೆಯ ಉಪಕರಣಗಳು ಆ ಬೇಲಿಯನ್ನು ತಗ್ಗಿಸಿವೆ. 2024ರ ಮೇ ತಿಂಗಳಲ್ಲಿ, ನಮ್ಮ ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗಲೇ, ‘ಸ್ಟೋಯಿಕ್’ ಎಂಬ ಇಸ್ರೇಲಿ ಕಂಪನಿಯ ಜಾಲವೊಂದು ಓಪನ್‌ಎಐ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಉಪಕರಣ ಬಳಸಿ ಆಡಳಿತ ಪಕ್ಷವನ್ನು ಟೀಕಿಸುವ, ಕಾಂಗ್ರೆಸ್ಸನ್ನು ಹೊಗಳುವ ಪ್ರತಿಕ್ರಿಯೆಗಳನ್ನು ತಯಾರಿಸಲು ತೊಡಗಿತ್ತೆಂದು ಆ ಸಂಸ್ಥೆಯೇ ವರದಿ ಮಾಡಿತು. ಆರಂಭವಾದ 24 ಗಂಟೆಯೊಳಗೇ ಅದನ್ನು ತಡೆದುದಾಗಿಯೂ ಅದು ಹೇಳಿತು. ಆ ಬರಹಗಳನ್ನು ಓದಿದವರು ಬಹಳ ಕಡಿಮೆ. ಪ್ರಯತ್ನ ಚಿಕ್ಕದು, ಆದರೆ ದಾರಿ ತೆರೆದಿದೆ.

ಶಿವಮೊಗ್ಗದಲ್ಲಿ ಹೀಗೆ ನಡೆದಿದೆ ಎಂದು ಇಲ್ಲಿ ಹೇಳುತ್ತಿಲ್ಲ. ಹೊರಗಿನವರು ಹುಡುಕುವ ಬಿರುಕು ಎಂಥದ್ದು ಎಂಬುದನ್ನು ಮಾತ್ರ ನಮ್ಮ ನೆಲದಲ್ಲಿ ಗುರುತಿಸಬಹುದು: ಅಡಿಕೆಯ ಆಮದು ಮತ್ತು ಧಾರಣೆಯ ಕುರಿತ ಆತಂಕ, ಅರಣ್ಯ ಹಕ್ಕು ಮತ್ತು ಒತ್ತುವರಿಯ ವಿವಾದ, ಶರಾವತಿ ಮುಳುಗಡೆಯಿಂದ ಎದ್ದುಬಂದವರ ಹಕ್ಕುಪತ್ರದ ನೋವು, ಕೋಮು ಗಲಭೆಯ ನೆನಪು. ಇವೆಲ್ಲ ನಿಜವಾದ ವಿಷಯಗಳು, ಇವನ್ನು ಚುನಾವಣೆಯಲ್ಲಿ ಚರ್ಚಿಸಲೇಬೇಕು. ‘ಅಡಿಕೆ ನಿಷೇಧಕ್ಕೆ ನಾಳೆ ಆದೇಶ’ ಎಂದು ಮತದಾನದ ಹಿಂದಿನ ಸಂಜೆ ಬರುವ, ಊರು, ದಿನಾಂಕ, ಸಹಿ ಯಾವುದೂ ಇಲ್ಲದ ಸಂದೇಶ ಚರ್ಚೆಯಲ್ಲ. ಅದನ್ನು ಕಳಿಸಿದವನು ನಮ್ಮ ತಾಲ್ಲೂಕಿನವನೇ ಇರಬಹುದು, ಸಾವಿರಾರು ಮೈಲಿ ದೂರದವನೂ ಇರಬಹುದು. ಮೊಬೈಲಿನ ಪರದೆಯ ಮೇಲೆ ಇಬ್ಬರೂ ಒಂದೇ ರೀತಿ ಕಾಣುತ್ತಾರೆ.

## ನಮ್ಮ ಕಾನೂನು ಏನು ಹೇಳುತ್ತದೆ

ವಿದೇಶಿ ಹಣದ ಮೇಲೆ ಕಡಿವಾಣ ಹಾಕುವ ಕಾನೂನು ನಮ್ಮಲ್ಲಿ ಮೊದಲು ಬಂದದ್ದು 1976ರಲ್ಲಿ. ಅದರ ಬದಲಿಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಈಗ ಜಾರಿಯಲ್ಲಿದೆ. ಅದರ 3ನೆಯ ಕಲಮು ಅಭ್ಯರ್ಥಿಗಳು, ಶಾಸಕ-ಸಂಸದರು, ರಾಜಕೀಯ ಪಕ್ಷಗಳು, ನ್ಯಾಯಾಧೀಶರು, ಸರ್ಕಾರಿ ನೌಕರರು, ಪತ್ರಿಕೆಗಳು ವಿದೇಶಿ ವಂತಿಗೆ ಪಡೆಯುವುದನ್ನು ನಿಷೇಧಿಸುತ್ತದೆ. ಜನತಾ ಪ್ರಾತಿನಿಧ್ಯ ಕಾಯ್ದೆಯ 29ಬಿ ಕಲಮು ಕೂಡ ಪಕ್ಷಗಳು ವಿದೇಶಿ ಮೂಲದಿಂದ ದೇಣಿಗೆ ಪಡೆಯುವಂತಿಲ್ಲ ಎನ್ನುತ್ತದೆ.

ಬರಹದಲ್ಲಿ ಗಟ್ಟಿಯಾದ ಈ ಕಾನೂನು ನಡೆದುಬಂದ ದಾರಿ ಮಾತ್ರ ನೇರವಾಗಿಲ್ಲ. ಬ್ರಿಟನ್ ಮೂಲದ ವೇದಾಂತ ಸಮೂಹಕ್ಕೆ ಸೇರಿದ ಕಂಪನಿಗಳಿಂದ ದೇಣಿಗೆ ಪಡೆದ ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ಈ ಕಾನೂನನ್ನು ಉಲ್ಲಂಘಿಸಿವೆ ಎಂದು ದೆಹಲಿ ಹೈಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತು. ಆಮೇಲೆ 2016ರ ಹಣಕಾಸು ಕಾಯ್ದೆಯ ಮೂಲಕ ‘ವಿದೇಶಿ ಮೂಲ’ ಎಂಬುದರ ವ್ಯಾಖ್ಯೆಯನ್ನು 2010ರಿಂದ ಪೂರ್ವಾನ್ವಯವಾಗುವಂತೆ ಸಡಿಲಿಸಲಾಯಿತು. 2018ರಲ್ಲಿ ಆ ಸಡಿಲಿಕೆಯನ್ನು 1976ರವರೆಗೆ ಹಿಂದಕ್ಕೆ ವಿಸ್ತರಿಸಲಾಯಿತು. ಹೀಗಾಗಿ ಹೊರದೇಶದ ಕಂಪನಿಯ ಹೆಚ್ಚಿನ ಷೇರಿದ್ದರೂ, ವಿದೇಶಿ ಹೂಡಿಕೆಯ ಮಿತಿಯೊಳಗೆ ಇರುವ ಭಾರತೀಯ ಕಂಪನಿಯ ದೇಣಿಗೆ ವಿದೇಶಿ ಹಣವೆನಿಸುವುದಿಲ್ಲ. ಅದೇ 2018ರಲ್ಲಿ ಬಂದ ಚುನಾವಣಾ ಬಾಂಡ್ ಯೋಜನೆಯಲ್ಲಿ ಕೊಟ್ಟವರ ಹೆಸರು ಮತದಾರರಿಗೆ ತಿಳಿಯುತ್ತಿರಲಿಲ್ಲ. ಮತದಾರರ ಮಾಹಿತಿ ಹಕ್ಕಿಗೆ ಅದು ವಿರುದ್ಧವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರುವರಿ 15ರಂದು ಆ ಯೋಜನೆಯನ್ನು ರದ್ದುಪಡಿಸಿತು.

ಸುಳ್ಳು ಸುದ್ದಿಯ ವಿಷಯದಲ್ಲಿ ಚುನಾವಣಾ ಆಯೋಗದ ನಿಯಮಗಳಿವೆ. ಟಿವಿ, ರೇಡಿಯೊ ಮತ್ತು ಸಾಮಾಜಿಕ ಜಾಲತಾಣಗಳ ರಾಜಕೀಯ ಜಾಹೀರಾತುಗಳಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯಿಂದ ಮೊದಲೇ ಒಪ್ಪಿಗೆ ಬೇಕು. ಇಂಥ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರುತ್ತದೆ. ಶಿವಮೊಗ್ಗ ಕ್ಷೇತ್ರದ ಮತದಾನದ ಹಿಂದಿನ ದಿನ, 2024ರ ಮೇ 6ರಂದು, ಡೀಪ್‌ಫೇಕ್ ಮುಂತಾದ ಸುಳ್ಳುಗಳು ಗಮನಕ್ಕೆ ಬಂದ ಮೂರು ಗಂಟೆಯೊಳಗೆ ಅವನ್ನು ತೆಗೆಯಬೇಕೆಂದು ಆಯೋಗ ಪಕ್ಷಗಳಿಗೆ ಸೂಚಿಸಿತು. ಆದರೆ ಈ ನಿಯಮಗಳೆಲ್ಲ ಕೈಗೆ ಸಿಗುವವರಿಗೆ ಅನ್ವಯಿಸುತ್ತವೆ. ಬೇರೆ ದೇಶದಲ್ಲಿ ಕುಳಿತು ಸುಳ್ಳು ಹೆಸರಿನಲ್ಲಿ ಬರೆಯುವವನಿಗೆ ನೋಟಿಸ್ ಅಂಟಿಸಲು ಬಾಗಿಲೇ ಇರುವುದಿಲ್ಲ.

## ಸಂದೇಶ ಕೈಗೆ ಬಂದಾಗ

ಹೊರಗಿನವನು ತಯಾರಿಸಿದ ಸುಳ್ಳು ನಮ್ಮ ಮನೆಯವರೆಗೆ ಬರುವುದು ಹೆಚ್ಚಾಗಿ ನಾವು ನಂಬುವ ಕೈಯಿಂದಲೇ: ಅಣ್ಣ, ಅತ್ತಿಗೆ, ಸಂಘದ ಕಾರ್ಯದರ್ಶಿ. ಆದ್ದರಿಂದ ಕಳಿಸಿದವರು ಒಳ್ಳೆಯವರು ಎಂಬುದು ಸಂದೇಶ ನಿಜ ಎಂಬುದಕ್ಕೆ ಸಾಕ್ಷಿಯಾಗದು. ವಾಟ್ಸ್ಆ್ಯಪ್‌ನಲ್ಲಿ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದೆಂದು ಅರ್ಥ. ಅಂಥದ್ದನ್ನು ಒಂದು ಬಾರಿಗೆ ಒಂದೇ ಕಡೆಗೆ ಕಳಿಸುವಂತೆ 2020ರಿಂದ ಮಿತಿ ಹಾಕಿದ್ದಾರೆ. ಓದಿದೊಡನೆ ಮೈ ಉರಿಯುವಂತೆ ಅಥವಾ ಭಯವಾಗುವಂತೆ ಬರೆದದ್ದನ್ನು ಮುಂದಕ್ಕೆ ಕಳಿಸುವ ಮುನ್ನ, ಇದನ್ನು ಮೊದಲು ಹೇಳಿದವರು ಯಾರು, ಹೆಸರು-ವಿಳಾಸವಿರುವ ಯಾವ ಪತ್ರಿಕೆ ಅಥವಾ ಕಚೇರಿ ಇದನ್ನು ಹೇಳಿದೆ ಎಂದು ನೋಡುವುದು ಸಾಧ್ಯ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುವ ಊರುಗಳಲ್ಲಿ ಹುಡುಕಿ ನೋಡುವುದು ಸುಲಭವಲ್ಲ ಎಂಬುದು ನಿಜ. ಅಂಥ ಕಡೆ ಕಳಿಸದೆ ಇಟ್ಟುಕೊಳ್ಳುವುದಕ್ಕೆ ನೆಟ್‌ವರ್ಕ್ ಬೇಕಾಗಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಮತದಾನವನ್ನೇ ತಪ್ಪಿಸುವ ಸಂದೇಶಗಳ ಬಗ್ಗೆ: ದಿನಾಂಕ ಮುಂದೆ ಹೋಗಿದೆ, ಮತಗಟ್ಟೆ ಬೇರೆ ಊರಿಗೆ ಬದಲಾಗಿದೆ, ಇಂಥವರ ಹೆಸರು ಪಟ್ಟಿಯಿಂದ ತೆಗೆದಿದ್ದಾರೆ ಎಂಬಂಥವು. ಇವುಗಳ ಸತ್ಯವನ್ನು ತಿಳಿಯಲು ಯಾವ ಪಕ್ಷದವರನ್ನೂ ಕೇಳಬೇಕಾಗಿಲ್ಲ. ನಿಮ್ಮ ಮತಗಟ್ಟೆಯ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿ ಪಟ್ಟಿಯಿರುತ್ತದೆ, 1950 ಸಂಖ್ಯೆಗೆ ಕರೆ ಮಾಡಿದರೆ ಮತದಾರರ ಸಹಾಯವಾಣಿ ಸಿಗುತ್ತದೆ, ಜಿಲ್ಲಾಧಿಕಾರಿಯವರೇ ಜಿಲ್ಲಾ ಚುನಾವಣಾಧಿಕಾರಿಯಾಗಿರುವುದರಿಂದ ಶಿವಮೊಗ್ಗದ ಡಿಸಿ ಕಚೇರಿಗೂ ತಾಲ್ಲೂಕು ಕಚೇರಿಗೂ ದೂರು ಕೊಡಬಹುದು. ಮತಯಂತ್ರ ಮತ್ತು ಮತದಾನದ ಬಗ್ಗೆ ಹರಡುವ ಸುಳ್ಳುಗಳಿಗೆ ಉತ್ತರಗಳನ್ನು ಆಯೋಗವು 2024ರ ಏಪ್ರಿಲ್‌ನಿಂದ ತನ್ನ ಜಾಲತಾಣದಲ್ಲಿ ಒಂದೆಡೆ ಕೂಡಿಸಿಟ್ಟಿದೆ. ಹಣ ಹಂಚುವುದೇ ಮೊದಲಾದ ಉಲ್ಲಂಘನೆ ಕಣ್ಣಿಗೆ ಬಿದ್ದರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಅಥವಾ ವಿಡಿಯೊ ಹಾಕಬಹುದು. 100 ನಿಮಿಷದೊಳಗೆ ಕ್ರಮ ಕೈಗೊಳ್ಳುವುದು ಅದರ ನಿಯಮ, ಮತ್ತು ದೂರು ಕೊಟ್ಟವರು ಬಯಸಿದರೆ ಅವರ ಹೆಸರು ಗುಟ್ಟಾಗಿರುತ್ತದೆ.